‘ಒಂದ್ಮೂರು ಸ್ಯಾಂಪಲ್ ಎಪಿಸೋಡ್ ಬರ್ದುಕೊಡಿ’ ಅಂದಾಗ

ಧಾರಾವಾಹಿಗೆ ಬರೆಯಬೇಕು, ಆಗದಿದ್ದರೆ ನಿರ್ದೇಶನಕ್ಕಾದರೂ ಸೇರಬೇಕು ಎಂದು ಬೆಂಗಳೂರಿಗೆ ಬರುವವರಿಗೆ ಇರುವ ದೊಡ್ಡ ಭಯ ‘ನನ್ನ ಕಥೆ ಕದ್ದುಬಿಟ್ಟರೆ?’ ಎಂಬುದು. ಕದಿಯುವವರು ಇಲ್ಲವೆಂದಲ್ಲ. ಆದರೆ ಕದಿಯುವ ಕಷ್ಟವನ್ನು ಯಾರೂ ಪಡಬೇಕಾಗಿಯೇ ಇಲ್ಲ. ಕೇಳಿದರೆ ಸಾಕು, ಹೊಸಬರು ರಾತ್ರಿ ನಿದ್ದೆಗೆಟ್ಟು ಬರೆದು, ಪಿಡಿಎಫ್ ಮಾಡಿ, ‘ಧನ್ಯವಾದ ಸರ್’ ಎಂಬ ಸಾಲನ್ನೂ ಸೇರಿಸಿ ಕಳಿಸುತ್ತಾರೆ. ಕೈ ಸುಡುವುದು ಅಲ್ಲಿ.

ಇಲ್ಲಿ ಬರೆಯುತ್ತಿರುವುದು ಒಬ್ಬರಿಗೆ ಆದದ್ದಲ್ಲ. ರಂಗಶಾಲೆ ಮುಗಿಸಿ ಬಂದವರು, ಜಿಲ್ಲೆಯ ಪತ್ರಿಕೆಯಲ್ಲಿ ಕಥೆ ಬರೆದವರು, ಕಿರುಚಿತ್ರ ಮಾಡಿದ ಹುಡುಗ ಹುಡುಗಿಯರು, ಊರು ಕಲಬುರಗಿಯಾಗಲಿ ಕುಂದಾಪುರವಾಗಲಿ ಚಾಮರಾಜನಗರವಾಗಲಿ, ಬೀಳುವ ಹಳ್ಳ ಹೆಚ್ಚುಕಡಿಮೆ ಒಂದೇ. ಈ ಊರಲ್ಲಿ ಗುರುತಿನವರು, ಮನೆತನದ ನಂಟು, ಮೂರು ತಿಂಗಳ ಬಾಡಿಗೆಗೆ ಆಗುವಷ್ಟು ಉಳಿತಾಯ ಇಲ್ಲದವರು ಬೇಗ ಬೀಳುತ್ತಾರೆ.

ಮೊದಲು ಫೋನ್ ಯಾಕೆ ಬರುತ್ತದೆ ಎಂಬುದು ತಿಳಿದಿರಲಿ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ವಾರಕ್ಕೆ ಆರು ಎಪಿಸೋಡ್ ಅಂದರೆ 132 ನಿಮಿಷ, ವಾರ ವಾರವೂ ಒಂದು ಸಿನಿಮಾ ಬರೆದು, ಚಿತ್ರೀಕರಿಸಿ, ಎಡಿಟ್ ಮಾಡಿದ ಲೆಕ್ಕ. ಗುರುವಾರ ಟಿವಿ ವೀಕ್ಷಣೆ ಅಳೆಯುವ ಸಂಸ್ಥೆ ಬಾರ್ಕ್‌ನ ರೇಟಿಂಗ್ ಬರುತ್ತದೆ. ಅಂಕ ಬಿದ್ದಿದ್ದರೆ ಚಾನಲ್ ಕಥೆಯ ಟ್ರ್ಯಾಕ್ ಬದಲಿಸಲು ಹೇಳುತ್ತದೆ, ಒಂದು ವಾರದ ‘ಸೀನ್ ಪೇಪರ್’, ಅಂದರೆ ದೃಶ್ಯ ಬರೆದಿಟ್ಟ ಹಾಳೆಗಳು, ಕಸದ ಬುಟ್ಟಿಗೆ ಹೋಗುತ್ತದೆ. ಹತ್ತು ಹನ್ನೆರಡು ಎಪಿಸೋಡ್ ಇದ್ದ ಬ್ಯಾಂಕ್, ಅಂದರೆ ಮುಂಚೆಯೇ ಸಿದ್ಧಮಾಡಿಟ್ಟ ಎಪಿಸೋಡ್‌ಗಳ ದಾಸ್ತಾನು, ಎರಡಕ್ಕೋ ಮೂರಕ್ಕೋ ಇಳಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಕಲಾವಿದರ ಕಾಲ್‌ಶೀಟ್, ಎಂಟೂವರೆಗೆ ಇನ್ನೂ ಸೀನ್ ಬಂದಿಲ್ಲ. ಅಂಥ ವಾರದಲ್ಲೇ ಹೊಸ ಬರಹಗಾರರ ನೆನಪಾಗುವುದು.

ಕರೆ ಬಹಳ ಮರ್ಯಾದೆಯಿಂದ ಬರುತ್ತದೆ. ‘ಮೇಡಂ, ನಿಮ್ಮ ಬರವಣಿಗೆ ನಮ್ಮ ಡೈರೆಕ್ಟರ್‌ಗೆ ತುಂಬಾ ಹಿಡಿಸ್ತು. ಒನ್‌ಲೈನ್ ಕಳಿಸ್ತೀನಿ, ಮೂರು ಎಪಿಸೋಡ್ ಡೈಲಾಗ್ ಮಾಡ್ಕೊಡಿ, ಚಾನಲ್‌ಗೆ ತೋರಿಸ್ಬೇಕು. ಓಕೆ ಆದ್ರೆ ನೀವೇ ಪರ್ಮನೆಂಟು.’ ಒನ್‌ಲೈನ್ ಅಂದರೆ ಎಪಿಸೋಡ್‌ನಲ್ಲಿ ಏನೇನು ನಡೆಯುತ್ತದೆ ಎಂಬ ಚುಟುಕು ರೂಪರೇಖೆ. ಒಂದು ಎಪಿಸೋಡ್‌ಗೆ ಎಂಟು ಸೀನ್ ಹಿಡಿದರೂ ಮೂರಕ್ಕೆ ಇಪ್ಪತ್ತನಾಲ್ಕು ಸೀನ್ ಆಯಿತು. ಬರವಣಿಗೆ ಗೊತ್ತಿರುವವನಿಗೆ ಒಬ್ಬರ ಕೈ ಹೇಗಿದೆ ಎಂದು ತಿಳಿಯಲು ಎರಡು ಸೀನ್ ಸಾಕು, ಒಂದು ಜಗಳದ್ದು, ಒಂದು ಏನೂ ನಡೆಯದ್ದು. ಇಪ್ಪತ್ತನಾಲ್ಕು ಕೇಳಿದರೆ ಅದು ಪರೀಕ್ಷೆಯಲ್ಲ, ಮುಂದಿನ ವಾರದ ಚಿತ್ರೀಕರಣ.

ಟ್ರಯಲ್ಲೋ ನಿಜದ ಕೆಲಸವೋ ಎಂದು ಕಂಡುಹಿಡಿಯುವುದು ಕಷ್ಟವಲ್ಲ. ಕಳಿಸಿದ ಒನ್‌ಲೈನ್‌ನ ಮೇಲೆ ಎಪಿಸೋಡ್ ಸಂಖ್ಯೆ ಇದೆಯೇ ನೋಡಿ. ಸೀನ್‌ಗೆ ಲೊಕೇಶನ್ ನಿಗದಿಯಾಗಿದೆಯೇ? ‘ಅತ್ತೆ ಪಾತ್ರದವರು ಮಂಗಳವಾರ ಇಲ್ಲ, ಅವರಿಲ್ಲದೆ ಬರೀರಿ’ ಅಂದರೇ? ಅಷ್ಟು ಹೇಳಿದ ಮೇಲೆ ಅದು ಶೆಡ್ಯೂಲ್‌ಗೆ ಸೇರಿದ ಕೆಲಸ. ಮಾದರಿ ಬರಹಕ್ಕೆ ಯಾರ ಕಾಲ್‌ಶೀಟೂ ಅಡ್ಡ ಬರುವುದಿಲ್ಲ.

ಉತ್ತರ ಕರ್ನಾಟಕ, ಕರಾವಳಿ, ಹಳೇ ಮೈಸೂರಿನ ಹಳ್ಳಿಗಳ ಕಡೆಯವರಿಗೆ ಈ ಬಲೆಯ ಇನ್ನೊಂದು ರೂಪ ಉಂಟು: ‘ಬರೆಯೋದೇನೂ ಬೇಡ, ಬರೀ ಭಾಷೆ ನೋಡ್ಕೊಡಿ.’ ಕಥೆಯನ್ನು ಧಾರವಾಡದ ಕಡೆ ಇಟ್ಟಿರುತ್ತಾರೆ, ಬರೆಯುವವರು ಬೆಂಗಳೂರಿನವರು. ಎಲ್ಲ ಮಾತಿಗೂ ಒಂದೊಂದು ‘ರೀ’ ಸೇರಿಸಿದರೆ ಮುಗಿಯಿತು ಎಂದು ತಿಳಿದವರು ಈಗಲೂ ಇದ್ದಾರೆ, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಪೇಪರ್‌ನಲ್ಲಿ ‘ಅತ್ತಿಗೆ, ನೀವು ಯಾವಾಗ ಬಂದ್ರಿ? ಊಟ ಆಯ್ತಾ?’ ಎಂದಿರುತ್ತದೆ. ಅದನ್ನು ‘ವೈನಿ, ಯಾವಾಗ ಬಂದ್ರಿ? ಊಟ ಆತೇನ್ರಿ?’ ಎಂದು ಮಾಡಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಅತ್ತಿಗೆಯನ್ನು ವೈನಿ ಎನ್ನುವ ಮನೆ ಯಾವುದು, ಎನ್ನದ ಮನೆ ಯಾವುದು? ಸೊಸೆ ಮಾವನ ಎದುರು ಇಷ್ಟು ಉದ್ದ ಮಾತಾಡುತ್ತಾಳೆಯೇ? ಸಿಟ್ಟು ಬಂದಾಗ ಆ ಊರಿನವರು ದನಿ ಏರಿಸುತ್ತಾರೋ, ಕೊಂಕು ನುಡಿಯುತ್ತಾರೋ? ಇವೆಲ್ಲ ಸರಿಮಾಡುವ ಹೊತ್ತಿಗೆ ಸೀನ್ ಪೂರ್ತಿ ಹೊಸದಾಗಿ ಬರೆದಾಗಿರುತ್ತದೆ. ಆ ಕೆಲಸದ ಹೆಸರು ಸಂಭಾಷಣೆ. ಅದಕ್ಕೆ ಸಂಭಾಷಣೆಯ ದರ ಮತ್ತು ಟೈಟಲ್ ಕಾರ್ಡ್‌ನಲ್ಲಿ ಸಂಭಾಷಣೆ ಎಂಬ ಸಾಲಿನಲ್ಲೇ ಹೆಸರು ಕೇಳಿ. ‘ಭಾಷಾ ಸಲಹೆ’ ಎಂದು ಒಪ್ಪಿಕೊಂಡರೆ ಮುಂದಿನ ಕಂಪನಿಯೂ ಅದೇ ಸಾಲಿಗೆ ಕೂರಿಸುತ್ತದೆ, ಊರಿನ ಭಾಷೆ ಬಿಟ್ಟು ಬೇರೇನೂ ಬರೆಯಲು ಬಾರದವರು ಎಂಬ ಮುದ್ರೆ ಬೀಳುತ್ತದೆ.

ದುಡ್ಡಿನ ಮಾತು ಬಂದಾಗ ಎಲ್ಲರೂ ಹೇಳುವ ಸಾಲು: ‘ಟೆಲಿಕಾಸ್ಟ್ ಆದ್ಮೇಲೆ ಸೆಟಲ್ ಮಾಡ್ತೀವಿ.’ ಇದಕ್ಕೆ ಮಾತ್ರ ತಲೆ ಆಡಿಸಬೇಡಿ. ಬರೆದ ಎಪಿಸೋಡ್ ಮತ್ತು ಪ್ರಸಾರವಾದ ಎಪಿಸೋಡ್ ಒಂದೇ ಅಲ್ಲ. ಎಡಿಟ್‌ನಲ್ಲಿ ಫೂಟೇಜ್ ಹೆಚ್ಚಾದರೆ ಕೊನೆಯ ಎರಡು ಸೀನ್ ಮರುದಿನಕ್ಕೆ ಜಾರುತ್ತವೆ. ಕಡಿಮೆಯಾದರೆ ನಾಳಿನ ಸೀನ್ ಇವತ್ತಿಗೆ ಬರುತ್ತದೆ, ಜೊತೆಗೆ ಹಳೇ ದೃಶ್ಯಗಳ ಮಾಂಟಾಜ್. ಹುಕ್, ಅಂದರೆ ನಾಳೆಯೂ ನೋಡಬೇಕೆನಿಸುವ ಕೊನೆಯ ತಿರುವು, ಬಲವಾಗಿಲ್ಲ ಎಂದು ಎಪಿಸೋಡ್‌ನ ಕೊನೆಯನ್ನೇ ಬದಲಿಸುತ್ತಾರೆ. ಹನ್ನೆರಡು ಪೇಪರ್ ಕೊಟ್ಟವರಿಗೆ ‘ನಿಮ್ಮದು ಹತ್ತು ಎಪಿಸೋಡಷ್ಟೇ ಏರ್ ಆಗಿರೋದು’ ಎಂಬ ಲೆಕ್ಕ ಬರುವುದು ಹೀಗೆ, ಅದರಲ್ಲಿ ಎರಡು ‘ಬೇರೆಯವರು ತಿದ್ದಿದ್ದು’. ಅದರ ಮೇಲೆ, ಚಾನಲ್‌ನಿಂದ ಕಂಪನಿಗೆ ಬಿಲ್ ಪಾಸಾಗಲು ತಿಂಗಳುಗಳೇ ಹಿಡಿಯಬಹುದು, ಆ ಸಾಲಿನ ತುದಿಯಲ್ಲಿ ನಿಲ್ಲುವವರು ಹೊಸ ಬರಹಗಾರರು. ಹಣ ಸಲ್ಲಬೇಕಾದ ದಿನವನ್ನು ಸೀನ್ ಕೊಟ್ಟ ದಿನದಿಂದ ಎಣಿಸುವಂತೆ ಬರೆಸಿ.

ಬರೆಸುವುದು ಅಂದರೆ ಛಾಪಾ ಕಾಗದ, ವಕೀಲರು ಏನೂ ಬೇಕಿಲ್ಲ. ಫೋನ್ ಇಟ್ಟ ಹತ್ತು ನಿಮಿಷದಲ್ಲಿ ಒಂದು ಮೇಲ್ ಸಾಕು:

‘ನಮಸ್ಕಾರ ಸರ್. ಈಗ ಮಾತಾಡಿದಂತೆ ತಮ್ಮ ಧಾರಾವಾಹಿಯ 3 ಎಪಿಸೋಡ್‌ಗಳಿಗೆ ಸಂಭಾಷಣೆ ಬರೆಯುತ್ತೇನೆ. ಎಪಿಸೋಡ್ ಒಂದಕ್ಕೆ ಇಷ್ಟು ರೂಪಾಯಿ. ತಿದ್ದುಪಡಿ ಎರಡು ಬಾರಿ ಸೇರಿದೆ, ಆಮೇಲಿನದಕ್ಕೆ ಬೇರೆ. ಕೊಟ್ಟ ದಿನದಿಂದ 30 ದಿನದೊಳಗೆ ಹಣ. ಬಳಸದೆ ಬಿಟ್ಟರೂ ಅರ್ಧ ಸಲ್ಲಬೇಕು. ಟೈಟಲ್ ಕಾರ್ಡ್‌ನಲ್ಲಿ ಸಂಭಾಷಣೆಗೆ ನನ್ನ ಹೆಸರು. ಸರಿ ಎಂದು ಉತ್ತರಿಸಿದರೆ ಇಂದೇ ಶುರುಮಾಡುತ್ತೇನೆ.’

ಉತ್ತರ ಬರುವವರೆಗೆ ಒಂದು ಸೀನ್ ಕಳಿಸಬಹುದು, ಒಂದೇ. ಈ ಮೇಲ್ ನೋಡಿ ಮುನಿಸಿಕೊಂಡು ಕರೆಯುವುದನ್ನೇ ಬಿಡುವ ಕಂಪನಿಗಳಿವೆ. ಕೆಲಸ ಕಳೆದುಹೋಯಿತು ಎನಿಸುತ್ತದೆ, ಆದರೆ ಕಳೆದದ್ದು ಸಂಬಳವಿಲ್ಲದ ಕೆಲಸ.

ವಾಟ್ಸ್‌ಆ್ಯಪ್ ಮೇಲೆ ನಂಬಿಕೆ ಇಡಬೇಡಿ. ಯೂನಿಟ್ ಗ್ರೂಪಿನಲ್ಲಿ ಅಡ್ಮಿನ್ ಆದವರು ನೀವು ಹಾಕಿದ ಸಂದೇಶವನ್ನೂ ಎಲ್ಲರಿಗೂ ಅಳಿಸಬಲ್ಲರು. ವಾರಕ್ಕೊಮ್ಮೆ ಚಾಟ್ ಎಕ್ಸ್‌ಪೋರ್ಟ್ ಮಾಡಿ ನಿಮ್ಮದೇ ಮೇಲ್‌ಗೆ ಕಳಿಸಿಕೊಳ್ಳಿ. ಪ್ರತಿ ಪಿಡಿಎಫ್‌ನ ಪ್ರತಿ ಪುಟದ ಕೆಳಗೂ ಹೆಸರು, ದಿನಾಂಕ, ಎಷ್ಟನೇ ಕರಡು ಎಂಬುದು ಇರಲಿ. ನ್ಯಾಯಾಲಯಕ್ಕೆ ಹೋಗುವ ಹೊತ್ತು ಬಂದರೆ ಇಂಥ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ, ಅಂದರೆ ದಾಖಲೆ ಯಾವ ಸಾಧನದಿಂದ ಬಂತು ಎಂಬ ದೃಢೀಕರಣ, ಬೇಕು, ಆದ್ದರಿಂದ ಹಳೇ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ.

ಕಾನೂನು ಬರಹಗಾರರ ಕಡೆಗೇ ಇದೆ, ಸಹಿ ಹಾಕುವವರೆಗೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ಬರೆದವರು ಸಹಿ ಮಾಡಿದ ಲಿಖಿತ ಪತ್ರವಿಲ್ಲದೆ ಹಕ್ಕು ಕೈ ಬದಲಾಗುವುದಿಲ್ಲ. ಪತ್ರದಲ್ಲಿ ಅವಧಿ ಹೇಳಿಲ್ಲವಾದರೆ ಐದು ವರ್ಷ, ಪ್ರದೇಶ ಹೇಳಿಲ್ಲವಾದರೆ ಭಾರತ ಮಾತ್ರ. ಸಂಬಳದ ನೌಕರಿಯಲ್ಲಿದ್ದು ಬರೆದರೆ ಮಾತ್ರ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಮೊದಲ ಹಕ್ಕು ಮಾಲೀಕರದ್ದು. ಎಪಿಸೋಡ್ ಲೆಕ್ಕಕ್ಕೆ ಬರೆಯುವವರು ನೌಕರರಲ್ಲ. 2012ರ ತಿದ್ದುಪಡಿಯ ನಂತರ ರಾಯಧನದ (ರಾಯಲ್ಟಿ) ಹಕ್ಕನ್ನು ಬಿಟ್ಟುಕೊಡಿಸುವ ಒಪ್ಪಂದಕ್ಕೂ ಕಾನೂನಿನ ಬೆಲೆ ಇಲ್ಲ, ವಸೂಲಿ ಬೇರೆ ಮಾತು.

ಹಾಗಾದರೆ ಹಕ್ಕು ಕೈತಪ್ಪುವುದು ಎಲ್ಲಿ? ವೋಚರಿನಲ್ಲಿ. ಆರು ವಾರ ಅಲೆದಾಡಿಸಿ, ಒಂದು ಸಂಜೆ ಆಫೀಸಿಗೆ ಕರೆದು, ಅಕೌಂಟೆಂಟ್ ಒಂದು ಹಾಳೆ ಮುಂದಿಡುತ್ತಾರೆ. ಮೇಲೆ ಮೊತ್ತ, ಬಲಗಡೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್. ಕೆಳಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಎರಡು ಸಾಲು: ಕೃತಿಯ ಸಮಸ್ತ ಹಕ್ಕುಗಳನ್ನು, ಎಲ್ಲ ಭಾಷೆ, ಎಲ್ಲ ಮಾಧ್ಯಮ, ಜಗತ್ತಿನಾದ್ಯಂತ, ಶಾಶ್ವತವಾಗಿ ಕೊಟ್ಟಿದ್ದೇನೆ, ಬಾಕಿ ಏನೂ ಇಲ್ಲ. ದುಡ್ಡು ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಸಹಿ ಬೀಳುತ್ತದೆ. ಓದದೆ ಹಾಕಿದ ಆ ಸಹಿಯೇ ಮೇಲೆ ಹೇಳಿದ ‘ಲಿಖಿತ ಪತ್ರ’. ಆ ಎರಡು ಸಾಲನ್ನು ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ, ‘ಎಪಿಸೋಡ್ ಇಷ್ಟರಿಂದ ಇಷ್ಟರವರೆಗಿನ ಸಂಭಾಷಣೆಗೆ ಮಾತ್ರ’ ಎಂದು ಬರೆದು, ಫೋಟೊ ತೆಗೆದುಕೊಂಡು ಕೊಡಿ. ಒಪ್ಪದಿದ್ದರೆ ಹಾಳೆಯನ್ನು ಮನೆಗೆ ತಂದು ಓದಿ ಕೊಡುತ್ತೇನೆ ಎನ್ನಿ.

ಸ್ವಂತ ಕಥೆ ಹಿಡಿದು ಹೋಗುವವರಿಗೆ: ಬರೀ ಐಡಿಯಾಕ್ಕೆ ಕೃತಿಸ್ವಾಮ್ಯ ಇಲ್ಲ. ಬಡ ಹುಡುಗಿ ಐಎಎಸ್ ಆಗುವುದು ಯಾರಪ್ಪನ ಮನೆಯ ಆಸ್ತಿಯೂ ಅಲ್ಲ. ಪಾತ್ರಗಳ ವಿವರ, ಮೊದಲ ಹತ್ತಿಪ್ಪತ್ತು ಎಪಿಸೋಡ್‌ಗಳ ಒನ್‌ಲೈನ್, ಎರಡು ಮೂರು ಪೂರ್ತಿ ಸೀನ್ ಸೇರಿಸಿ ಒಂದು ಕಡತ ಮಾಡಿ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ಗೆ ಸದಸ್ಯರಾದರೆ ಆನ್‌ಲೈನ್‌ನಲ್ಲೇ ನೋಂದಾಯಿಸಬಹುದು, ಆ ದಿನ ಅದು ನಿಮ್ಮ ಬಳಿ ಇತ್ತು ಎಂಬುದಕ್ಕೆ ಅದು ಸಾಕ್ಷಿ. ಕೇಂದ್ರ ಸರ್ಕಾರದ ಕೃತಿಸ್ವಾಮ್ಯ ಕಚೇರಿಯಲ್ಲಿ ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಅರ್ಜಿ ಹಾಕಿದೊಡನೆ ಡೈರಿ ಸಂಖ್ಯೆ ಬರುತ್ತದೆ, 30 ದಿನ ಆಕ್ಷೇಪಣೆಗೆ ಕಾದು ಆಮೇಲೆ ಪರಿಶೀಲನೆ. ತನ್ನ ವಿಳಾಸಕ್ಕೆ ತಾನೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡು ಕವರ್ ಒಡೆಯದೆ ಇಟ್ಟುಕೊಳ್ಳುವ ಹಳೇ ಉಪಾಯ ನಂಬುವಂಥದ್ದಲ್ಲ, ಖಾಲಿ ಕವರನ್ನೂ ಪೋಸ್ಟ್ ಮಾಡಬಹುದು.

ನಿರ್ದೇಶನದ ಕಡೆ ಹೋಗುವವರ ಬಲೆ ಇದಕ್ಕಿಂತ ನಿಧಾನ. ‘ಆರು ತಿಂಗಳು ಅಸಿಸ್ಟೆಂಟ್ ಆಗಿರು, ಆಮೇಲೆ ಎಪಿಸೋಡ್ ಡೈರೆಕ್ಟರ್ ಮಾಡ್ತೀವಿ ಕಣೋ.’ ಕ್ಲ್ಯಾಪ್ ಹೊಡೆದು, ಸೀನಿಂದ ಸೀನಿಗೆ ಉಡುಗೆ, ವಸ್ತು ಹೊಂದುವಂತೆ ಕಂಟಿನ್ಯೂಟಿ ಬರೆದು, ಕಾಸ್ಟ್ಯೂಮ್‌ಗೆ ಓಡಾಡಿ ಆರು ತಿಂಗಳಾಗುವಾಗ ಎಪಿಸೋಡ್ ಬ್ಯಾಂಕ್ ಕರಗುತ್ತದೆ, ಒಟ್ಟಿಗೇ ಚಿತ್ರೀಕರಿಸಲು ಎರಡು ಯೂನಿಟ್ ಹಾಕುತ್ತಾರೆ, ಎರಡನೇ ಯೂನಿಟ್ ನಿಮ್ಮ ಕೈಗೆ. ದಿನವಿಡೀ ನೀವೇ ಆ್ಯಕ್ಷನ್, ನೀವೇ ಕಟ್. ಟೈಟಲ್ ಕಾರ್ಡ್‌ನಲ್ಲಿ ಮಾತ್ರ ಒಬ್ಬರೇ ನಿರ್ದೇಶಕರು, ಸಂಬಳ ಹಳೇದೇ. ಆ ದಿನಗಳ ಕಾಲ್‌ಶೀಟ್, ಪ್ರೊಡಕ್ಷನ್ ರಿಪೋರ್ಟ್‌ನ ಫೋಟೊ ಇಟ್ಟುಕೊಳ್ಳಿ, ಸೀನ್ ಸಂಖ್ಯೆ ಸಮೇತ. ಮೂರನೇ ದಿನಕ್ಕೇ ದರದ ಮಾತೆತ್ತಿ. ಮೂವತ್ತನೇ ದಿನ ಎತ್ತಿದರೆ ‘ಕಲಿಸಿದ್ದಕ್ಕೆ ನೀನೇ ಕೊಡ್ಬೇಕು’ ಎಂಬ ಉತ್ತರ ಸಿದ್ಧವಿರುತ್ತದೆ. ಹೆಣ್ಣುಮಕ್ಕಳು ಸೇರುವ ದಿನವೇ ರಾತ್ರಿ ಮನೆಗೆ ಡ್ರಾಪ್ ಇದೆಯೇ, ದೂರು ಸಮಿತಿ ಯಾರದ್ದು ಎಂದು ಕೇಳಲಿ. ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಲ್ಲಿ ಸಂಬಳವಿಲ್ಲದ ಟ್ರೈನಿಯೂ ಉದ್ಯೋಗಿಯೇ. ಹತ್ತಕ್ಕಿಂತ ಕಡಿಮೆ ಜನರಿರುವ ಕಂಪನಿಯಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ, ಮೂರು ತಿಂಗಳೊಳಗೆ, ದೂರು ಕೊಡಬಹುದು.

ರಿಜಿಸ್ಟ್ರೇಷನ್ ಫೀ, ವರ್ಕ್‌ಶಾಪ್ ಫೀ, ‘ಚಾನಲ್‌ನವರಿಗೆ ಕೊಡಬೇಕಾದ್ದು’ ಎಂದು ನಿಮ್ಮಿಂದಲೇ ದುಡ್ಡು ಕೇಳಿದರೆ ಎದ್ದು ಬನ್ನಿ. ಅದಕ್ಕೆ ವಿವರಣೆ ಬೇಕಿಲ್ಲ.

ಈಗಾಗಲೇ ಸಿಕ್ಕಿಕೊಂಡಿದ್ದರೆ, ಜಾಲತಾಣದಲ್ಲಿ ಕೂಗಾಡುವ ಮೊದಲು ಪಟ್ಟಿ ಮಾಡಿ: ಕೊಟ್ಟ ದಿನಾಂಕ, ಸೀನ್, ಯಾವ ದಿನದ ಪ್ರಸಾರದಲ್ಲಿ ಎಷ್ಟನೇ ನಿಮಿಷಕ್ಕೆ ಬಂತು. ಚಾನಲ್‌ನ ಆ್ಯಪ್‌ನಲ್ಲಿ ಹಳೇ ಎಪಿಸೋಡ್ ಸಿಗುವಾಗಲೇ ನೋಡಿ ಗುರುತು ಹಾಕಿ. ಅದರ ಮೇಲೆ ಇನ್‌ವಾಯ್ಸ್ ಕಳಿಸಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್‌ಗೆ ಆ ಕಂಪನಿ ಟಿಡಿಎಸ್ (ಕೊಟ್ಟ ಹಣದಿಂದ ಮುರಿದುಕೊಂಡ ತೆರಿಗೆ) ಕಟ್ಟಿದೆಯೇ ನೋಡಿ. ಒಂದೇ ಒಂದು ಕಂತು ಕಟ್ಟಿದ್ದರೂ ‘ಇವರು ಯಾರೋ ಗೊತ್ತಿಲ್ಲ’ ಎನ್ನುವ ಬಾಯಿ ಮುಚ್ಚುತ್ತದೆ. ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಹೆಸರು ದಾಖಲಿಸುವ ಉದ್ಯಮ್ ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಹಣ ಕೇಳುವ ಜಾಲತಾಣ ನಕಲಿ. ಕೆಲಸ ಹಿಡಿಯುವ ಮೊದಲೇ ಆ ನೋಂದಣಿ ಇದ್ದವರಿಗೆ 45 ದಿನ ಮೀರಿದ ಬಾಕಿಗೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಮೇತ ವಸೂಲಿಗೆ ಕೇಂದ್ರದ ಸಣ್ಣ ಉದ್ಯಮಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ದಾರಿಯಿದೆ. ಇಲ್ಲದವರಿಗೆ ವಕೀಲರ ನೋಟಿಸ್, ಆಮೇಲೆ ಸಿವಿಲ್ ಕೋರ್ಟು. ಹಣ ಕೊಡುವ ದಿನ ನಿಗದಿಯಾಗಿರದಿದ್ದರೆ ಅದಕ್ಕೆ ಮೂರು ವರ್ಷದ ಗಡುವು, ಎಣಿಕೆ ಶುರುವಾಗುವುದು ಕೆಲಸ ಮುಗಿಸಿ ಕೊಟ್ಟ ದಿನದಿಂದ, ಟಿವಿಯಲ್ಲಿ ಬಂದ ದಿನದಿಂದಲ್ಲ.