ಬಾಡಿಗೆ ಮನೆ: ಒಳಬೀದಿಯೋ, ಅಂಗಡಿಸಾಲೋ, ಆಸ್ಪತ್ರೆಯ ಪಕ್ಕವೋ?

ಬೆಂಗಳೂರಿನಲ್ಲಿ ಮನೆ ಹುಡುಕುವಾಗ ನೀರಿನ ಜೊತೆ ನಿದ್ದೆಯನ್ನೂ ವಿಚಾರಿಸಿ. ದೇಶದ ಶಬ್ದಮಾಲಿನ್ಯ ನಿಯಮಗಳು (2000) ಹೇಳುವ ರಾತ್ರಿ ಎಲ್ಲ ಕಡೆಗೂ ಒಂದೇ: 10ರಿಂದ ಬೆಳಿಗ್ಗೆ 6. ಬದಲಾಗುವುದು ಮಿತಿ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ವ್ಯತ್ಯಾಸ ಬರೀ ಹತ್ತು ಎನ್ನಬೇಡಿ, ಕಿವಿಗೆ ಸದ್ದು ಸುಮಾರು ಇಮ್ಮಡಿಯಾಗುತ್ತದೆ.

ನನ್ನ ಮಟ್ಟಿಗೆ ಅಂಕಿಗಿಂತ ದೊಡ್ಡ ವ್ಯತ್ಯಾಸ ಬೇರೆಯೇ ಇದೆ. ವಸತಿ ಪ್ರದೇಶದಲ್ಲಿ ರಾತ್ರಿ ಸದ್ದು ಮಾಡುವ ನಿರ್ಮಾಣ ಯಂತ್ರ ನಡೆಸುವಂತಿಲ್ಲ; ತುರ್ತು ಸಂದರ್ಭ ಬಿಟ್ಟರೆ ಹಾರ್ನ್ ಕೂಡ ಹಾಕುವಂತಿಲ್ಲ. ಅಂಗಡಿಸಾಲಿನ ಮೇಲಿನ ಮಹಡಿ ವಾಣಿಜ್ಯ ಪ್ರದೇಶಕ್ಕೆ ಸೇರಿದ್ದರೆ ಈ ಎರಡು ನಿಷೇಧಗಳ ಆಸರೆ ನಿಮಗಿಲ್ಲ. ಬಾಡಿಗೆ ಕಡಿಮೆ ಇದ್ದರೂ ನಾನಂತೂ ಅಲ್ಲಿಗೆ ಹೋಗೆನು.

ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ಅಲ್ಲಿ ಮಿತಿ 50 ಮತ್ತು 40, ಪಟಾಕಿಗೂ ನಿಷೇಧ. ಕಾಗದದ ಮೇಲೆ ಇದೇ ಸೊಗಸು. ಆಂಬುಲೆನ್ಸಿನ ಸೈರನ್ ಮಾತ್ರ ಕಾಗದ ಓದುವುದಿಲ್ಲ.

ಹಾಗಾಗಿ ನನ್ನ ಮತ ಒಳಬೀದಿಗೆ. ಹಬ್ಬಗಳಿಗೆಂದು ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ ಮಧ್ಯರಾತ್ರಿ 12ರವರೆಗೆ ಧ್ವನಿವರ್ಧಕಕ್ಕೆ ಸಡಿಲಿಕೆ ಕೊಡಬಹುದು, ಅಷ್ಟನ್ನು ಸಹಿಸಿಕೊಳ್ಳಿ. ಮುಂಗಡ ಕೊಡುವ ಮುನ್ನ ಬೀದಿಯ ತುದಿಯಲ್ಲಿ ಕಲ್ಯಾಣ ಮಂಟಪವಿದೆಯೇ ಎಂದು ನೋಡಿ.