ಸಕಲೇಶಪುರದ ತೋಟದ ಮನೆ ಬಾಡಿಗೆ: ಫೋಟೊದಲ್ಲಿ ಕಾಣದ ಕೊನೆಯ ಮೂರು ಕಿಲೋಮೀಟರು

ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ಬಾಡಿಗೆಗೆ ಹಿಡಿದ ತೋಟದ ಮನೆಯ ಬಗ್ಗೆ ಬೈದುಕೊಂಡು ಬರುವವರನ್ನು ಕೇಳಿ ನೋಡಿ, ಈ 220ರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅವರ ತಕರಾರೆಲ್ಲ ಟಾರು ಮುಗಿದು ಮಣ್ಣು ಶುರುವಾದ ಮೇಲಿನದು. ಬುಕಿಂಗ್ ಆ್ಯಪ್‌ಗಳಲ್ಲಿ ಹಾಕುವ ಫೋಟೊಗಳಲ್ಲಿ ಮಂಜು, ಜಗಲಿ, ಒಂದು ಉಯ್ಯಾಲೆ ಇರುತ್ತವೆ. ರಸ್ತೆ, ಬಚ್ಚಲು, ಅಡುಗೆಯವರು ಇರುವುದಿಲ್ಲ. ಮನೆಗೆ ಅಂಕ ಹಾಕಬೇಕಾದ್ದು ಈ ಮೂರರ ಮೇಲೆ.

ಮೊದಲು ಮನೆ ಯಾವ ಜಾತಿಯದು ಎಂದು ತಿಳಿದುಕೊಳ್ಳಬೇಕು. ಈ ಸೀಮೆಯಲ್ಲಿ ‘ಕಾಟೇಜ್’ ಎಂದು ಬಾಡಿಗೆಗೆ ಸಿಗುವವು ಹೆಚ್ಚುಕಡಿಮೆ ಮೂರು ಬಗೆ. ಒಂದು, ಸಾಹುಕಾರರ ಹಳೇ ಬಂಗಲೆ: ದಪ್ಪ ಗೋಡೆ, ಮಂಗಳೂರು ಹಂಚು, ಎತ್ತರದ ಮಾಡು. ಎರಡು, ತೋಟದ ರೈಟರ್ (ಲೆಕ್ಕಪತ್ರ, ಆಳುಗಳನ್ನು ನೋಡಿಕೊಳ್ಳುವವರು) ಇರುತ್ತಿದ್ದ ಮನೆಗೆ ಬಣ್ಣ ಬಳಿದು ಟೈಲ್ಸ್ ಹಾಕಿದ್ದು. ಮೂರು, ಈಚೆಗೆ ಸಿಮೆಂಟ್ ಶೀಟ್ ಅಥವಾ ತಗಡು ಹೊದಿಸಿ ಕಟ್ಟಿದ ಕೋಣೆಗಳು. ಮೂರನೆಯದು ಫೋಟೊದಲ್ಲಿ ಎಲ್ಲಕ್ಕಿಂತ ಚೆಂದ. ಜುಲೈ ತಿಂಗಳ ರಾತ್ರಿ ತಗಡಿನ ಮೇಲೆ ಮಳೆ ಬೀಳುವಾಗ ಪಕ್ಕದಲ್ಲಿ ಮಲಗಿದವರ ಮಾತೂ ಕೇಳಿಸದು. ನಮ್ಮ ಮತ ಎರಡನೆಯದಕ್ಕೆ. ರೈಟರ್ ಮನೆ ಸಾಮಾನ್ಯವಾಗಿ ಕಾಫಿ ಕಣದ ಹತ್ತಿರ, ಜೀಪು ಬರುವ ದಾರಿಯಲ್ಲೇ ಇರುತ್ತದೆ. ನೀರು, ಕರೆಂಟು ಅಲ್ಲಿಗೆ ಎಂದೋ ಬಂದಿರುತ್ತವೆ.

ಹೆದ್ದಾರಿ ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೆ ಹೋಗುತ್ತದೆ. ಅಲ್ಲಿಂದ ಬಾಳ್ಳುಪೇಟೆ ದಾಟಿ ಇನ್ನು 40 ಕಿ.ಮೀ. ಶುಕ್ರವಾರ ಸಂಜೆ ಹೊರಟರೆ ಗೊರಗುಂಟೆಪಾಳ್ಯದಿಂದ ನೆಲಮಂಗಲದೊಳಗೇ ಅರ್ಧ ಉತ್ಸಾಹ ಇಳಿದುಹೋಗುತ್ತದೆ. ಅದಕ್ಕಿಂತ ದೊಡ್ಡ ತಪ್ಪು, ಕತ್ತಲಲ್ಲಿ ತೋಟ ಸೇರುವುದು. ಶನಿವಾರ ಬೆಳಗ್ಗೆ ಐದಕ್ಕೆ ಬಿಟ್ಟರೆ ತಿಂಡಿಗೆ ನಿಂತೂ ಹನ್ನೊಂದರೊಳಗೆ ಸಕಲೇಶಪುರ ಪೇಟೆ. ಪೆಟ್ರೋಲು, ಎಟಿಎಂ, ಔಷಧಿ ಎಲ್ಲ ಇಲ್ಲೇ ಮುಗಿಸಿಕೊಳ್ಳಿ. ಮನೆ ನಿಮ್ಮ ಕೈಗೆ ಕೊಡುವುದು ಹನ್ನೆರಡು-ಒಂದು ಗಂಟೆಗಾದರೆ, ಅಲ್ಲಿಯವರೆಗೆ ಹೊತ್ತು ಕಳೆಯಲು ಹೆದ್ದಾರಿ ಪಕ್ಕದ ಮಂಜರಾಬಾದ್ ಕೋಟೆ ಇದೆ. ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರದಾಕಾರದ ಕೋಟೆ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿಗಟ್ಟಿರುತ್ತದೆ, ಹವಾಯಿ ಚಪ್ಪಲಿಯಲ್ಲಿ ಹತ್ತಬೇಡಿ.

ರೈಲು ಒಳ್ಳೆಯ ಆಯ್ಕೆ. ಆದರೆ ಒಂದು ವಿಷಯ ಬಹಳ ಜನಕ್ಕೆ ಟಿಕೆಟ್ ತೆಗೆದ ಮೇಲೆ ಗೊತ್ತಾಗುತ್ತದೆ. ಯಶವಂತಪುರದಿಂದ ಮಂಗಳೂರಿನ ಕಡೆ ಹೋಗುವ ಹಗಲು ರೈಲಿಗೆ 2021ರಲ್ಲಿ ವಿಸ್ಟಾಡೋಮ್ ಬೋಗಿ (ಗಾಜಿನ ಮಾಡು, ದೊಡ್ಡ ಕಿಟಕಿಗಳದು) ಜೋಡಿಸಿದ್ದು ಘಾಟಿ ನೋಡಲಿಕ್ಕೆ. ಘಾಟಿ ಇರುವುದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ನಲ್ಲಿ, 57 ಸುರಂಗಗಳೂ ಆ ಕಡೆಯೇ. ಸಕಲೇಶಪುರದಲ್ಲಿ ಇಳಿಯುವವರು ಗಾಜಿನ ಮಾಡಿಗೆ ದುಡ್ಡು ಕೊಟ್ಟು ಕುಣಿಗಲ್ಲಿನ ಬಯಲು ನೋಡಿದಂತಾಗುತ್ತದೆ. ಸಾಮಾನ್ಯ ಸೀಟು ಸಾಕು. ಬಸ್ಸಾದರೆ ಮೆಜೆಸ್ಟಿಕ್‌ನಿಂದ ಮಂಗಳೂರು, ಧರ್ಮಸ್ಥಳದ ಕೆಎಸ್‌ಆರ್‌ಟಿಸಿ ಬಸ್ಸುಗಳು ಈ ದಾರಿಯಲ್ಲಿ ಬರುತ್ತವೆ. ರೈಲಿಗೂ ಬಸ್ಸಿಗೂ ಬರುವವರು ಜೀಪನ್ನು ಹಿಂದಿನ ದಿನವೇ ಮನೆಯವರಿಂದ ಹೇಳಿಸಿಡಬೇಕು, ಬಾಡಿಗೆಯನ್ನೂ ಆಗಲೇ ಮಾತಾಡಿಕೊಳ್ಳಬೇಕು.

ಈಗ ಕೊನೆಯ ಮೂರು ಕಿಲೋಮೀಟರು. ಹಾನಬಾಳು, ಹೆತ್ತೂರಿನ ಕಡೆಯ ಒಳದಾರಿಗಳಲ್ಲಿ ಪಂಚಾಯಿತಿ ಟಾರು ಒಂದು ಕಡೆ ನಿಂತುಹೋಗುತ್ತದೆ, ಮುಂದಿನದು ತೋಟದವರೇ ಮಾಡಿಸಿಕೊಂಡ ಮಣ್ಣು ದಾರಿ. ಬೇಸಿಗೆಯಲ್ಲಿ ಸಣ್ಣ ಕಾರೂ ಹೋಗುತ್ತದೆ. ಜೂನ್ ದಾಟಿದರೆ ಗೊಬ್ಬರದ ಟ್ರ್ಯಾಕ್ಟರು ಓಡಾಡಿ ಎರಡು ಗಾಡಿಜಾಡು ಆಳವಾಗಿ ಬೀಳುತ್ತವೆ, ನಡುವಿನ ದಿಬ್ಬ ಸೆಡಾನ್ ಹೊಟ್ಟೆಗೆ ತಾಗುತ್ತದೆ. ಅಲ್ಲಿ ಆಗುವ ಅನಾಹುತ ಒಂದೇ ಬಗೆಯದು. ಏರಿನಲ್ಲಿ ಚಕ್ರ ಜಾರಿತೆಂದು ಡ್ರೈವರ್ ಇನ್ನಷ್ಟು ಆಕ್ಸಿಲರೇಟರ್ ಒತ್ತುತ್ತಾನೆ, ಚಕ್ರ ಕೆಸರನ್ನು ಕಡೆದು ತಾನೇ ಗುಂಡಿ ತೋಡಿಕೊಳ್ಳುತ್ತದೆ. ನಿಲ್ಲಿಸಿ, ಜನ ಇಳಿದು, ಹಿಂದಕ್ಕೆ ಬಿಟ್ಟು, ಒಂದು ಚಕ್ರ ದಿಬ್ಬದ ಮೇಲೆ, ಇನ್ನೊಂದು ಅಂಚಿನ ಹುಲ್ಲಿನ ಮೇಲೆ ಬರುವಂತೆ ಎರಡನೇ ಗೇರಿನಲ್ಲಿ ನಿಧಾನವಾಗಿ ಹತ್ತಿಸಿದರೆ ಬಹಳ ಸಲ ಏರಿಬಿಡುತ್ತದೆ. ಹಾಗೂ ಆಗದಿದ್ದರೆ ಜೀಪೇ ಗತಿ. ಬುಕ್ ಮಾಡುವಾಗ ‘ಕಾರು ಬರುತ್ತಾ?’ ಎಂದು ಕೇಳಿದರೆ ಎಲ್ಲರೂ ಬರುತ್ತೆ ಅನ್ನುತ್ತಾರೆ. ‘ನಿನ್ನೆ ಬಂದವರು ಯಾವ ಕಾರಲ್ಲಿ ಬಂದರು, ಎಲ್ಲಿ ನಿಲ್ಲಿಸಿದರು?’ ಎಂದು ಕೇಳಿ. ನಿಜ ಹೊರಗೆ ಬರುತ್ತದೆ.

ಮ್ಯಾಪು ಇಲ್ಲಿ ಅರ್ಧ ನಂಬಿಕಸ್ಥ. ಪಕ್ಕದ ತೋಟದೊಳಗಿನ ದಾರಿಯನ್ನೇ ಹತ್ತಿರದ ರಸ್ತೆ ಎಂದು ತೋರಿಸುತ್ತದೆ, ಹೋಗಿ ನೋಡಿದರೆ ಚೈನು ಹಾಕಿ ಬೀಗ ಜಡಿದ ಗೇಟು. ಸಿಗ್ನಲ್ ಇರುವಾಗಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡು, ಕೊನೆಯ ಮೂರು ತಿರುವುಗಳನ್ನು ಮನೆಯವರ ಬಾಯಲ್ಲೇ ಕೇಳಿ ಬರೆದುಕೊಳ್ಳಿ.

ಸಂಜೆ ಆರರೊಳಗೆ ಮನೆ ಸೇರಿ ಎಂದು ಅವರು ಹೇಳುವುದು ಆನೆಯ ಕಾರಣಕ್ಕೆ. ಆಲೂರು, ಸಕಲೇಶಪುರ, ಬೇಲೂರು ತಾಲೂಕುಗಳ ತೋಟಗಳಲ್ಲಿ ಕಾಡಾನೆಗಳು ವರ್ಷವಿಡೀ ಓಡಾಡುತ್ತವೆ, ಅವುಗಳ ದಾಳಿಗೆ ಇಲ್ಲಿನವರು ಪ್ರಾಣ ತೆತ್ತಿದ್ದಾರೆ. ಆನೆ ಎಲ್ಲಿದೆ ಎಂದು ಎಸ್ಸೆಮ್ಮೆಸ್ಸು, ರಸ್ತೆಬದಿಯ ಫಲಕಗಳ ಮೂಲಕ ತಿಳಿಸುವ ವ್ಯವಸ್ಥೆ ಈ ಭಾಗದಲ್ಲಿದೆ. ಬೆಳಗಿನ ವಾಕಿಂಗ್ ಹೊರಡುವ ಮುಂಚೆ ರೈಟರನ್ನು ಒಂದು ಮಾತು ಕೇಳಿ. ‘ಆನೆ ತೋರಿಸುತ್ತೇವೆ’ ಎಂದು ಆಸೆ ಹುಟ್ಟಿಸುವ ಮನೆಗೆ ನಮ್ಮಲ್ಲಿ ಸೊನ್ನೆ ಅಂಕ.

ಬಚ್ಚಲಿಗೆ ಬರೋಣ. ಹಂಡೆ ಒಲೆ ಇರುವ ಮನೆ ಸಿಕ್ಕರೆ ಬಿಡಬೇಡಿ. ತಾಮ್ರದ ಹಂಡೆಯ ಒಲೆಗೆ ಸಿಲ್ವರ್ ಓಕ್ ಸೌದೆ ತುರುಕಿ ಸಂಜೆ ಬೆಂಕಿ ಹಾಕಿದರೆ ಬೆಳಗಿನ ಜಾವಕ್ಕೂ ಬೆಚ್ಚಗಿನ ನೀರು ಉಳಿದಿರುತ್ತದೆ, ಕರೆಂಟಿನ ಹಂಗಿಲ್ಲ. ಗೀಸರು ಮಾತ್ರ ಇರುವ ಕಡೆ ಮಳೆಗಾಲದಲ್ಲಿ ತಣ್ಣೀರೇ. ಮರ ತಂತಿಯ ಮೇಲೆ ಬಿದ್ದರೆ ಚೆಸ್ಕಾಂ (ಇಲ್ಲಿನ ವಿದ್ಯುತ್ ಕಂಪನಿ) ಲೈನ್‌ಮನ್ ಆ ಕೆಸರಲ್ಲೇ ಬರಬೇಕು, ಒಂದು ದಿನ ಹಿಡಿದರೂ ಆಶ್ಚರ್ಯವಿಲ್ಲ. ಯುಪಿಎಸ್ ಇದೆ ಎಂದರೆ ಅದು ದೀಪಕ್ಕೂ ಫೋನಿಗೂ, ಗೀಸರಿಗಲ್ಲ. ನಲ್ಲಿಯ ಮೊದಲ ಒಂದು ಬಕೆಟ್ ನೀರು ಚಹಾ ಬಣ್ಣಕ್ಕೆ ಬಂದರೆ ಗಾಬರಿ ಬೇಡ: ಗುಡ್ಡದ ಹಳ್ಳಕ್ಕೆ ಪೈಪು ಹಾಕಿ ತಂದ ನೀರು, ಎಲೆ ಕೊಳೆತು ಬಣ್ಣ ಬಿಟ್ಟಿರುತ್ತದೆ. ಬಿಟ್ಟ ಮೇಲೆ ತಿಳಿಯಾಗುತ್ತದೆ, ಆದರೂ ಕುಡಿಯಲು ಕುದಿಸಿದ್ದೇ ಇರಲಿ. ಹಾಸಿಗೆಗೆ ಮುಗ್ಗಲು ವಾಸನೆ ಇದೆಯೇ ಎಂದು ಹೋದ ತಕ್ಷಣ ಮೂಸಿ ನೋಡಿ. ಹಗಲಲ್ಲಾದರೆ ಹೊದಿಕೆ ಬದಲಿಸಿ ಕೊಡುತ್ತಾರೆ, ರಾತ್ರಿ ಹತ್ತಕ್ಕೆ ಯಾರು ಸಿಗುತ್ತಾರೆ?

ಇದ್ದುದರಲ್ಲಿ ಬಿಎಸ್ಸೆನ್ನೆಲ್ ಸಿಗ್ನಲ್ಲೇ ಸಿಗುವ ಮೂಲೆಗಳಿವೆ. ಯುಪಿಐ ನೆಚ್ಚಿಕೊಳ್ಳಬೇಡಿ, ಜೀಪಿಗೂ ಅಡುಗೆಯವರಿಗೂ ಚಿಲ್ಲರೆ ನೋಟು ಇರಲಿ.

ಊಟದಲ್ಲಿ ಈ ಮನೆಗಳು ಸೋಲುವುದು ಅಪರೂಪ, ಪೇಟೆಯ ಮೆನು ಕೇಳದಿದ್ದರೆ. ಗೋಬಿ ಮಂಚೂರಿ, ಪನ್ನೀರು ಕೇಳಿದವರಿಗೆ ಅದೂ ಸಿಗುತ್ತದೆ, ಕೆಟ್ಟದಾಗಿ. ಅಕ್ಕಿ ರೊಟ್ಟಿ, ಕಡುಬು, ನಾಟಿ ಕೋಳಿ ಸಾರು, ಮಳೆಗಾಲದಲ್ಲಿ ಕಳಲೆ (ಎಳೆ ಬಿದಿರು) ಪಲ್ಯ ಎಂದು ಹಿಂದಿನ ದಿನವೇ ಹೇಳಿ. ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಸಿ ಕಹಿ ತೆಗೆಯಬೇಕು, ಬೆಳಗ್ಗೆ ಕೇಳಿ ಮಧ್ಯಾಹ್ನಕ್ಕೆ ಆಗುವ ಕೆಲಸವಲ್ಲ. ಕಾಫಿ ಬಗ್ಗೆ ದೊಡ್ಡ ನಿರೀಕ್ಷೆ ಬೇಡ. ಸುತ್ತ ಎಕರೆಗಟ್ಟಲೆ ಗಿಡವಿದ್ದರೂ ಲೋಟಕ್ಕೆ ಬರುವುದು ಪೇಟೆಯಿಂದ ತಂದ ಚಿಕೋರಿ ಬೆರೆತ ಪುಡಿಯಾಗಿರಬಹುದು. ಬೆಲ್ಲದ ಕಾಫಿ ಕೇಳಿ, ಅದು ಇಲ್ಲಿಯದೇ ರುಚಿ.

ಕಾಲ? ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಒಂದು ವಾರ-ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ, ಮಲ್ಲಿಗೆಯಂಥ ಘಮ. ತಾರೀಕು ಮುಂಚೆ ಹೇಳಲಾಗದು. ಡಿಸೆಂಬರ್-ಜನವರಿಯಲ್ಲಿ ಕೊಯ್ಲು: ಕಣದ ತುಂಬ ಹಣ್ಣು, ಜೊತೆಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದು, ಹುಳಿ ವಾಸನೆ, ಕೈಗೆ ಸಿಗದ ಆಳುಗಳು. ಜೂನ್‌ನಿಂದ ಸೆಪ್ಟೆಂಬರ್ ಇಂಬಳದ (ಜಿಗಣೆ) ಕಾಲ. ಕಾಲ್ಚೀಲವನ್ನು ಪ್ಯಾಂಟಿನ ಮೇಲಕ್ಕೆ ಎಳೆದು, ಹೊಗೆಸೊಪ್ಪು ನೆನೆಸಿದ ನೀರನ್ನು ಬೂಟಿಗೆ ಸವರಿಕೊಂಡರೆ ಹತ್ತುವುದು ಕಮ್ಮಿ. ಹತ್ತಿದ್ದನ್ನು ಉಗುರಿನಿಂದ ಬಾಯಿಯ ಕಡೆಯಿಂದ ಸರಿಸಿ ತೆಗೆಯಿರಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಹೆದ್ದಾರಿಯೂ ರೈಲೂ ನಿಲ್ಲಬಹುದು, ಆ ತಿಂಗಳುಗಳಲ್ಲಿ ಮುಂಗಡ ವಾಪಸಾತಿಯ ಮಾತನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ರೈಲು ಹಳಿ ಮೇಲೆ ಟ್ರೆಕ್ಕಿಂಗ್ ಮಾಡಿಸುತ್ತೇವೆ ಎಂದರೆ ಬೇಡ ಅನ್ನಿ. ದೋಣಿಗಲ್‌ನಿಂದ ಎಡಕುಮೇರಿ ಕಡೆಗಿನ ಆ ನಡಿಗೆ ನಿಷಿದ್ಧ, ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗ ಸಿಗುವ ಖಾತ್ರಿಯೂ ಇಲ್ಲ.

ದರವನ್ನು ಸಾಮಾನ್ಯವಾಗಿ ಮನೆಗೆ ಹೇಳದೆ ತಲೆಗೆ ಹೇಳುತ್ತಾರೆ, ಊಟ ತಿಂಡಿ ಸೇರಿಸಿ. ಮಕ್ಕಳಿಗೆ ಎಷ್ಟು, ಡ್ರೈವರ್‌ಗೆ ಮಲಗಲು ಜಾಗ ಎಲ್ಲಿ, ಬೆಂಕಿ ಹಾಕುವ ಸೌದೆಗೆ ಬೇರೆ ದುಡ್ಡೇ ಎಂಬ ಮೂರು ಬಾಬತ್ತಿನಲ್ಲೇ ಕೊನೆಗೆ ಬಿಲ್ಲು ಉಬ್ಬುವುದು. ವಾಪಸ್ಸು ಭಾನುವಾರ ಊಟ ಮುಗಿಸಿ ಹೊರಟರೆ ಕುಣಿಗಲ್ ದಾಟಿದ ಮೇಲೆ ಸಾಲು. ರಜೆ ಇದ್ದರೆ ಸೋಮವಾರ ನಸುಕಿಗೆ ಹೊರಡಿ; ಇಲ್ಲದಿದ್ದರೆ ಭಾನುವಾರ ಬೆಳಗಿನ ರೊಟ್ಟಿಯನ್ನೇ ಬಾಳೆಎಲೆಯಲ್ಲಿ ಕಟ್ಟಿಸಿಕೊಂಡು ಹತ್ತರೊಳಗೆ ಗೇಟು ದಾಟಿಬಿಡಿ.