ಚೀಟಿಯಲ್ಲಿ ಬರೆದ ಹಾಗೆ ಸೂಜಿ ಹಾಕಲು ಒಪ್ಪದ ಸಿಸ್ಟರ್: ಮನೆಗೆ ಬರುವ ನರ್ಸಿಂಗ್ ಸೇವೆಯ ನಮ್ಮ ಅನುಭವ

ಶಿವಮೊಗ್ಗದಲ್ಲಿ ಮನೆಗೇ ನರ್ಸ್ ಕಳಿಸುವ ಒಂದು ಸೇವೆಯನ್ನು ನಾವು 21 ದಿನ ತೆಗೆದುಕೊಂಡೆವು. ಒಂದು ಸಲ ಬಂದು ಹೋದರೆ 350 ರೂಪಾಯಿ. ಮೊದಲು ಜಾಸ್ತಿ ಅನ್ನಿಸಿತ್ತು. ಮೊದಲ ರಾತ್ರಿಯೇ ಆ ಮಾತು ಬಿಟ್ಟೆ.

ನಮ್ಮ ಅತ್ತೆಗೆ 74 ವರ್ಷ. ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಎಂಟನೇ ದಿನ ಮನೆಗೆ ಕಳಿಸಿದರು. ಇಂಥ ಆಪರೇಷನ್ ಆದವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಕ್ಕೆ ದಿನಕ್ಕೊಂದು ಎನಾಕ್ಸಪರಿನ್ ಸೂಜಿ, 40 ಎಂ.ಜಿ., ಇನ್ನೂ ಮೂರು ವಾರ ಕೊಡಿಸಿ ಅಂದಿದ್ದರು. ಔಷಧ ತುಂಬಿಯೇ ಬರುವ ಸಣ್ಣ ಸಿರಿಂಜ್ ಅದು. ಆಸ್ಪತ್ರೆಯಲ್ಲಿ ರಾತ್ರಿ ಎಂಟಕ್ಕೆ ಕೊಡುತ್ತಿದ್ದರು.

ಮೊದಲ ದಿನ ಬಂದ ಸಿಸ್ಟರ್ ಕೊಪ್ಪಳದ ಕಡೆಯವರು. ಇಪ್ಪತ್ತೈದು ವರ್ಷ ಇರಬಹುದು. ಕೈ ತೊಳೆದು ಬಂದು ಡಿಸ್ಚಾರ್ಜ್ ಚೀಟಿ ಕೇಳಿದರು. ಓದಿದರು. ಮತ್ತೊಮ್ಮೆ ಓದಿದರು. "ಅಕ್ಕಾರ, ಇಲ್ಲಿ ಐ.ಎಂ. ಅಂತ ಬರದಾರ. ಅಂದ್ರ ಮಸಲ್‌ಗೆ. ಇದು ಮಸಲ್‌ಗೆ ಕೊಡೋದಲ್ರೀ, ಹೊಟ್ಟಿ ಮ್ಯಾಲಿನ ಚರ್ಮದ ಕೆಳಗ ಕೊಡೋದು. ಕೇಳದ ನಾ ಹಾಕಂಗಿಲ್ರಿ."

ನನಗೆ ಸಿಟ್ಟು ಬಂತು. ದೊಡ್ಡ ಡಾಕ್ಟರ್ ಬರೆದಿದ್ದಾರೆ, ಇವರು ಹಾಕಲ್ಲ ಅಂತಾರಲ್ಲ ಅಂತ. ಅವರು ವಾದ ಮಾಡಲಿಲ್ಲ. ಪೆಟ್ಟಿಗೆಯೊಳಗೆ ಮಡಚಿಟ್ಟಿದ್ದ ಕಾಗದ ಬಿಚ್ಚಿ, ಸ್ನಾಯುವಿಗೆ ಕೊಡಬಾರದು ಅಂತ ಕಂಪನಿಯೇ ಬರೆದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಆ ಕಾಗದವನ್ನು ನಾವು ಯಾರೂ ಬಿಚ್ಚಿಯೇ ಇರಲಿಲ್ಲ. ಕಾರಣವನ್ನೂ ಹೇಳಿದರು. ಸ್ನಾಯುವಿನಲ್ಲಿ ರಕ್ತದ ಓಡಾಟ ಜಾಸ್ತಿ. ಸೂಜಿ ಅಷ್ಟು ಆಳಕ್ಕೆ ಇಳಿದು ಅಲ್ಲಿ ಸಣ್ಣ ನಾಳ ಹರಿದರೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಔಷಧವೂ ಅಲ್ಲೇ ಇರುತ್ತದೆ. ಒಳಗೊಳಗೇ ರಕ್ತ ಸೋರಿ ಗಡ್ಡೆ ಕಟ್ಟಬಹುದು, ಹೊರಗಿನಿಂದ ಬೇಗ ಗೊತ್ತೂ ಆಗುವುದಿಲ್ಲ.

ನಮ್ಮ ಯಜಮಾನರು ನಡುವೆ ಬಾಯಿ ಹಾಕಿದರು. 2019ರಲ್ಲಿ ಅವರಿಗೆ ಹಾರ್ಟ್ ಅಟ್ಯಾಕ್ ಆದಾಗ ಇದೇ ಔಷಧವನ್ನು ಕೈಯ ನರಕ್ಕೆ ಕೊಟ್ಟಿದ್ದು ಅವರಿಗೆ ನೆನಪಿತ್ತು. "ಹಾಗಾದರೆ ಅದೂ ತಪ್ಪಾ?" ಅಂದರು. ಅಲ್ಲವಂತೆ. ಕೆಲವು ಹಾರ್ಟ್ ಅಟ್ಯಾಕ್‌ಗಳಲ್ಲಿ ಮೊದಲ ಸಲ 30 ಎಂ.ಜಿ. ನೇರ ರಕ್ತನಾಳಕ್ಕೆ ಕೊಡುವ ಪದ್ಧತಿ ಇದೆ, ಆಮೇಲೆ ಚರ್ಮದ ಕೆಳಗೆ. ಡಯಾಲಿಸಿಸ್ ಮಾಡುವಾಗ ಯಂತ್ರದ ಕೊಳವೆಗೇ ಹಾಕುತ್ತಾರೆ. ಅವೆಲ್ಲ ಆಸ್ಪತ್ರೆಯಲ್ಲಿ, ಡಾಕ್ಟರ್ ಕಣ್ಣೆದುರು ಆಗುವಂಥವು. "ನಾ ಅಲ್ಲಿದ್ರೂ ಒಮ್ಮೆ ಕೇಳೇ ಹಾಕತೀನ್ರಿ. ಆದ್ರ ಮಸಲ್‌ಗೆ ಎಲ್ಲೂ ಇಲ್ಲ" ಅಂದರು. ಹೊಸ ದಾರಿ ಕಂಡರೆ ಹೆದರುವವರಲ್ಲ ಇವರು, ಯಾವ ದಾರಿ ಯಾವಾಗ ಅಂತ ಗೊತ್ತಿರುವವರು ಅಂತ ನನಗೆ ಧೈರ್ಯ ಬಂದಿದ್ದು ಆಗಲೇ.

ತಮ್ಮ ಸೂಪರ್‌ವೈಸರ್‌ಗೆ ಫೋನ್ ಮಾಡಿದರು. ಆಕೆಯೂ ಕೊಡಬೇಡ ಅಂದರು. ಆಸ್ಪತ್ರೆಯ ವಾರ್ಡಿಗೆ ಮಾಡಿದರೆ ಡ್ಯೂಟಿ ಡಾಕ್ಟರ್ "ಬರೆದ ಹಾಗೆ ಕೊಡಿ" ಅಂತ ಫೋನ್ ಇಟ್ಟರು. ಅಲ್ಲಿಗೂ ಈ ಹುಡುಗಿ ಬಿಡಲಿಲ್ಲ. ಸೂಪರ್‌ವೈಸರ್ ನೇರ ಸರ್ಜನ್‌ಗೇ ಸುದ್ದಿ ಮುಟ್ಟಿಸಿದರು. ಗಂಟೆ ಒಂಬತ್ತಾಯಿತು. ನನಗೆ ಹೊಟ್ಟೆಯಲ್ಲಿ ಸಂಕಟ, ಸೂಜಿ ತಪ್ಪಿಹೋದರೆ ಏನು ಗತಿ ಅಂತ. "ಒಂದೆರಡು ತಾಸು ತಡ ಆದ್ರ ನಡೀತೈತ್ರಿ, ಮಾಂಸದಾಗ ರಕ್ತ ಕಟ್ಟಿದ್ರ ನಡೆಯಂಗಿಲ್ಲ" ಅಂತ ಸಮಾಧಾನ ಹೇಳಿ, ಅತ್ತೆಯ ಕಾಲು ಮೆಲ್ಲಗೆ ಮಡಿಸಿ ಚಾಚಿಸುತ್ತ ಕೂತರು. ಅವರಿಗೆ ಇನ್ನೊಂದು ಮನೆಗೆ ಹೋಗುವುದಿತ್ತು. ಅಲ್ಲಿಗೆ ಬೇರೆಯವರನ್ನು ಕಳಿಸಿದರು.

ಹತ್ತಕ್ಕೆ ಸರ್ಜನ್ ತಾವೇ ಫೋನ್ ಮಾಡಿದರು. ಬರೆಯುವಾಗ ತಪ್ಪಾಗಿದೆ, ಚರ್ಮದ ಕೆಳಗೇ ಕೊಡಬೇಕು ಅಂದರು. ಸಿಸ್ಟರ್ ಅಷ್ಟಕ್ಕೆ ಬಿಡಲಿಲ್ಲ. ತಿದ್ದಿದ ಚೀಟಿ ವಾಟ್ಸಾಪ್‌ನಲ್ಲಿ ಬಂದ ಮೇಲೆಯೇ ಸಿರಿಂಜ್ ತೆಗೆದರು.

ಅದಕ್ಕೂ ಮೊದಲು ಇನ್ನೆರಡು ಪ್ರಶ್ನೆ ಕೇಳಿದರು. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ಎಷ್ಟಿದೆ? ಈ ಔಷಧ ಹೊರಗೆ ಹೋಗುವುದು ಕಿಡ್ನಿ ಮೂಲಕ. ಕಿಡ್ನಿ ತೀರಾ ಸೋತಿದ್ದರೆ ಪ್ರಮಾಣ ಕಡಿಮೆ ಮಾಡಬೇಕಂತೆ. ಅತ್ತೆಯದು 0.9 ಇತ್ತು, ಅದು ಸರಿಯಾದ ಮಟ್ಟವೇ. ಮತ್ತೆ, ನೋವಿಗೆ ಏನು ಮಾತ್ರೆ? ಮನೆಯಲ್ಲಿದ್ದ ಹಳೇ ಡೈಕ್ಲೋಫೆನಾಕ್ ಪಟ್ಟಿಯನ್ನು ನಾನು ತಲೆದಿಂಬಿನ ಪಕ್ಕ ಇಟ್ಟಿದ್ದೆ. ಅದು ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು, ಡಾಕ್ಟರನ್ನು ಕೇಳದೆ ಕೊಡಬೇಡಿ ಅಂದರು. ಅಲ್ಲಿಂದಲೇ ತೆಗೆಸಿದರು.

ಸೂಜಿ ಹಾಕಿದ ರೀತಿಯನ್ನು ನಾನು ಹತ್ತಿರ ನಿಂತು ನೋಡಿದೆ. ಹೊಕ್ಕುಳಿಂದ ಮೂರ್ನಾಲ್ಕು ಬೆರಳು ದೂರ, ಪಕ್ಕಕ್ಕೆ. ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆ ಮಾಡಿ ಹಿಡಿದು ಸೂಜಿಯನ್ನು ನೇರಕ್ಕೆ ಪೂರ್ತಿ ಇಳಿಸಿದರು. ಔಷಧ ಮುಗಿಯುವ ತನಕ ಮಡಿಕೆ ಬಿಡಲಿಲ್ಲ. ಸಿರಿಂಜಿನಲ್ಲಿದ್ದ ಗಾಳಿಗುಳ್ಳೆಯನ್ನು ಹೊರಗೆ ತಳ್ಳಲಿಲ್ಲ. ತಳ್ಳಿದರೆ ಔಷಧವೂ ಹೋಗಿಬಿಡಬಹುದಂತೆ. ಆಮೇಲೆ ಉಜ್ಜಬಾರದು, ಉಜ್ಜಿದರೆ ನೀಲಿಗಟ್ಟುತ್ತದೆ. ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ. ನಮ್ಮ ಕ್ಯಾಲೆಂಡರ್‌ನಲ್ಲಿ ಎ, ಬ ಅಂತ ಗುರುತು ಹಾಕಿಕೊಟ್ಟರು. "ಕರೇ ಮಲ ಬಂದ್ರ, ವಸಡಿನಾಗ ರಕ್ತ ಬಂದ್ರ, ಕಾಲು ಬಾತ್ರ, ಉಸಿರು ಹಿಡದ್ರ ನಮ್ಗ ಕಾಯಬ್ಯಾಡ್ರಿ, ಆಸ್ಪತ್ರಿಗೆ ಹೋಗ್ರಿ" ಅಂತ ಅತ್ತೆಗೂ ಕೇಳುವ ಹಾಗೆ ಹೇಳಿದರು.

ಎಲ್ಲವೂ ಸರಿ ಇತ್ತು ಅಂತ ಹೇಳಲಾರೆ. ಎರಡು ಸಲ ಬರುವುದು ಮುಕ್ಕಾಲು ಗಂಟೆ ತಡವಾಯಿತು, ಒಂದು ಫೋನೂ ಇಲ್ಲ. ಭಾನುವಾರ ಬಂದ ಬದಲಿ ಸಿಸ್ಟರ್ ಗಾಳಿಗುಳ್ಳೆ ತಳ್ಳಲು ಹೊರಟಾಗ ಅತ್ತೆಯೇ ಮಲಗಿದಲ್ಲಿಂದ ತಡೆದರು. ಎಲ್ಲ ಸಿಸ್ಟರ್‌ಗಳಿಗೂ ಒಂದೇ ತರಬೇತಿ ಕೊಡಬೇಕು ಅಲ್ವಾ? ನಾನು ದೂರು ಹೇಳಿದೆ, ಸೂಪರ್‌ವೈಸರ್ ಬೇಸರ ಮಾಡದೆ ಕೇಳಿಸಿಕೊಂಡರು. ಬದಲಿ ಸಿಸ್ಟರ್ ಮುಂದಿನ ಭಾನುವಾರ ಸರಿಯಾಗಿಯೇ ಹಾಕಿದರು.

ನನ್ನ ದೊಡ್ಡ ತಕರಾರು ಬಳಸಿದ ಸಿರಿಂಜ್‌ಗಳದ್ದು. ಅವನ್ನು ಒಯ್ಯುವ ವ್ಯವಸ್ಥೆ ಇವರಲ್ಲಿ ಇಲ್ಲ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಡಿ ಅಂದರು, ಹಾಕಿಟ್ಟೆವು. ಕೊನೆಗೆ 21 ಸಿರಿಂಜ್ ತುಂಬಿದ ಡಬ್ಬಿ ನಮ್ಮ ಬಳಿಯೇ ಉಳಿಯಿತು. ಕಸದ ಗಾಡಿಯವರ ಕೈಗೆ ಚುಚ್ಚೀತು ಅಂತ ಅದಕ್ಕೆ ಹಾಕಲು ಮನಸ್ಸಾಗಲಿಲ್ಲ. ಹೊಲಿಗೆ ತೋರಿಸಲು ಹೋದಾಗ ನಾನೇ ಆಸ್ಪತ್ರೆಗೆ ಒಯ್ದು ಕೊಟ್ಟೆ. ಇಷ್ಟು ಎಚ್ಚರ ಇರುವ ಸಂಸ್ಥೆಗೆ ಒಂದು ಡಬ್ಬಿ ತಂದು, ಮುಗಿದ ಮೇಲೆ ಒಯ್ಯುವುದು ಕಷ್ಟ ಆಗಬಾರದು.

ಅತ್ತೆ ಈಗ ವಾಕರ್ ಹಿಡಿದು ಹಿತ್ತಲ ಬಾಗಿಲ ತನಕ ನಡೆಯುತ್ತಾರೆ. ಪಕ್ಕದ ಮನೆಯವರಿಗೆ ಮುಂದಿನ ತಿಂಗಳು ಮಂಡಿ ಆಪರೇಷನ್ ಇದೆ. ಇದೇ ಸೇವೆಗೆ ಹೇಳಿಟ್ಟಿದ್ದೇನೆ, ಕೊಪ್ಪಳದ ಸಿಸ್ಟರ್ ಅವರನ್ನೇ ಕಳಿಸಿ ಅಂತ ಕೇಳಿಕೊಂಡಿದ್ದೇನೆ.